ಪರದೆ ನಡುಗುತ್ತದೆ, ಕೀಲಿಕೈ ಯಾರ ಸೊಂಟದಲ್ಲಿದೆ?

"ಲಿನಕ್ಸ್ ಬಡವರ ಸರಕು. ಪುಕ್ಕಟೆ ಸಿಕ್ಕಿದ್ದು ಪುಕ್ಕಟೆಯ ಹಾಗೆಯೇ ಇರುತ್ತದೆ." ಈ ಮಾತನ್ನು ನಮ್ಮ ವಿರೋಧಿಗಳು ಆಡಿದ್ದರೆ ನಾವು ಲೇಖನಿ ಹಿಡಿಯುವ ಗೋಜಿಗೆ ಹೋಗುತ್ತಿರಲಿಲ್ಲ. ಆದರೆ ಇದು ನಮ್ಮದೇ ಸಮಿತಿಯ ಸಭೆಯಲ್ಲಿ, ನಮ್ಮದೇ ಸಂಗಾತಿಯೊಬ್ಬರ ಬಾಯಿಂದ ಬಂದ ಮಾತು. ಸಭೆಯಲ್ಲಿ ನಾಲ್ಕಾರು ತಲೆಗಳು ಹೌದೆಂದು ಆಡಿದವು. ಆದುದರಿಂದ ಉತ್ತರ ಕೊಡುವುದು ನಮ್ಮ ಕರ್ತವ್ಯವಾಗಿದೆ.

ಸಂಗತಿ ಇಷ್ಟು. ಕಛೇರಿಯ ಹಿಂದಿನ ಕೋಣೆಯ ವಾಚನಾಲಯದಲ್ಲಿ ಆರು ಹಳೆಯ ಕಂಪ್ಯೂಟರುಗಳಿವೆ. ಅನ್ಯರು ಗುಜರಿಗೆ ಹಾಕಲಿದ್ದವನ್ನು ಬೇಡಿ ತಂದು, ಧೂಳು ಒರೆಸಿ, ಲಿನಕ್ಸ್ ಹಾಕಿ ನಿಲ್ಲಿಸಿದ್ದೇವೆ. ಬೆಳಿಗ್ಗೆ ಪಹಣಿ ನೋಡಿಸಲು ರೈತರು ಬರುತ್ತಾರೆ. ಸಂಜೆ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಮಕ್ಕಳು ಬರುತ್ತಾರೆ. ಅರ್ಜಿಯ ಕಡೆಯ ದಿನಕ್ಕೆ ಇನ್ನು ಮೂರೇ ದಿನ ಎನ್ನುವಾಗ, ಒಂದು ಅಪ್‌ಡೇಟಿನ ಮರುದಿನ ಬೆಳಿಗ್ಗೆ, ಆರರಲ್ಲಿ ನಾಲ್ಕು ಪರದೆಗಳು ಕೈಕೊಟ್ಟವು. ಎರಡು ಕಪ್ಪಗೆ ಕುಳಿತವು. ಒಂದು ಗಾಳಿಗೆ ಸಿಕ್ಕ ದೀಪದಂತೆ ಮಿನುಗತೊಡಗಿತು. ಇನ್ನೊಂದರಲ್ಲಿ ಅಕ್ಷರಗಳು ಊದಿಕೊಂಡು, ಅರ್ಜಿ ಸಲ್ಲಿಸುವ ಗುಂಡಿಯೇ ಪರದೆಯ ಆಚೆಗೆ ಹೋಯಿತು. ಬಸ್ಸಿಗೆ ಹಣ ತೆತ್ತು ಬಂದ ಮಕ್ಕಳು ಅರ್ಜಿ ಹಾಕದೆ ಊರಿಗೆ ಹಿಂದಿರುಗಿದರು. ಅಂದು ರಾತ್ರಿಯೇ ಸಭೆ ಸೇರಿತು. ಈ ಆರನ್ನೂ ಗುಜರಿಗೆ ಕಳುಹಿಸಿ, ಕಂತಿನ ಮೇಲೆ ಹೊಸ ಯಂತ್ರಗಳನ್ನೂ ಹಣ ಕೊಟ್ಟು ಕೊಳ್ಳುವ ವಿಂಡೋಸನ್ನೂ ತರಬೇಕೆಂಬ ಸೂಚನೆ ಬಂತು.

ನಾವು ಅದನ್ನು ವಿರೋಧಿಸಿದೆವು. ಮಕ್ಕಳು ಹಿಂದಿರುಗಿದ್ದು ನಮಗೂ ನೋವಿನ ಸಂಗತಿಯೇ. ಆದರೆ ಕಾಯಿಲೆ ಯಾವುದೆಂದು ತಿಳಿಯದೆ ಔಷಧಿ ಕೊಳ್ಳುವವನು ಔಷಧಿ ಅಂಗಡಿಯವನನ್ನು ಉದ್ಧಾರ ಮಾಡುತ್ತಾನೆಯೇ ಹೊರತು ರೋಗಿಯನ್ನಲ್ಲ.

ದುಭಾಷಿಯ ಕಥೆ

ಮೊದಲು ಕಾಯಿಲೆ ಏನೆಂದು ನೋಡೋಣ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಭಾಗಕ್ಕೆ ಗ್ರಾಫಿಕ್ಸ್ ಕಾರ್ಡು ಎನ್ನುತ್ತಾರೆ. ಅದು ಕೆಲವು ಯಂತ್ರಗಳಲ್ಲಿ ಪ್ರತ್ಯೇಕ ಹಲಗೆಯಾಗಿರುತ್ತದೆ, ಕೆಲವುಗಳಲ್ಲಿ ಮುಖ್ಯ ಚಿಪ್ಪಿನೊಳಗೇ ಸೇರಿರುತ್ತದೆ. ಈ ಕಾರ್ಡಿಗೆ ತನ್ನದೇ ಭಾಷೆ. ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಇನ್ನೊಂದು ಭಾಷೆ. ಇವೆರಡರ ನಡುವೆ ನಿಂತು ಮಾತು ತಿರುಗಿಸುವ ದುಭಾಷಿಯೇ ಡ್ರೈವರು. ದುಭಾಷಿ ತಪ್ಪು ಹೇಳಿದರೆ, ತಡವಾಗಿ ಹೇಳಿದರೆ, ಇಲ್ಲವೇ ಬಾರದೆ ಹೋದರೆ ಪರದೆ ಹರಿಯುತ್ತದೆ, ಮಿನುಗುತ್ತದೆ, ಕಪ್ಪಾಗುತ್ತದೆ.

ಉದಾಹರಣೆಗೆ ಪರದೆ 'ಹರಿಯುವುದು' ಎಂದರೇನು? ಸಾಮಾನ್ಯ ಮಾನಿಟರು ಸೆಕೆಂಡಿಗೆ 60 ಬಾರಿ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಚಿತ್ರವನ್ನು ತೋರಿಸುತ್ತದೆ. ಅರ್ಧ ತೋರಿಸುವ ಹೊತ್ತಿಗೆ ಡ್ರೈವರು ಹಳೆಯ ಚಿತ್ರವನ್ನು ತೆಗೆದು ಹೊಸದನ್ನು ಇಟ್ಟರೆ, ಮೇಲಿನ ಅರ್ಧ ಹಳೆಯದು, ಕೆಳಗಿನ ಅರ್ಧ ಹೊಸದು. ನಡುವೆ ಬಟ್ಟೆ ಹರಿದಂತೆ ಒಂದು ಗೀಟು. ಇಬ್ಬರ ಕೆಲಸಕ್ಕೆ ತಾಳ ಕೂಡಿಸಿದರೆ ಗೀಟು ಮಾಯವಾಗುತ್ತದೆ. ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಏಳನೆಯ ತರಗತಿಯ ಮಕ್ಕಳಿಗೆ ತಿಳಿಸಬಹುದಾದ ವಿಷಯ. ಪಾಠ ಹೇಳಿದ ಅನುಭವದಿಂದಲೇ ಈ ಮಾತು ಹೇಳುತ್ತಿದ್ದೇವೆ.

ಹಾಗಾದರೆ ದುಭಾಷಿ ಏಕೆ ತಪ್ಪುತ್ತಾನೆ? ಇಲ್ಲಿಂದ ವಿಷಯ ಮಿಸ್ತ್ರಿಯ ಕೈಯಿಂದ ರಾಜಕೀಯದ ಕೈಗೆ ಬರುತ್ತದೆ. ದುಭಾಷಿಗಳಲ್ಲಿ ಎರಡು ಬಗೆ. ಒಬ್ಬನ ಮಾತಿನ ಪುಸ್ತಕ ಎಲ್ಲರೆದುರು ತೆರೆದಿರುತ್ತದೆ. ತಪ್ಪಿದರೆ ಬಲ್ಲವರು ಯಾರು ಬೇಕಾದರೂ ತಿದ್ದಬಹುದು. ಇನ್ನೊಬ್ಬ ಕಂಪೆನಿಯ ನೌಕರ. ಅವನ ಪುಸ್ತಕಕ್ಕೆ ಬೀಗ. ಹಿಂದೆ ಶಾನುಭೋಗಿಕೆಯ ಕಾಲದಲ್ಲಿ ಹೊಲ ರೈತನದು, ಬೆವರು ರೈತನದು, ಕಂದಾಯ ರೈತನದು. ಆದರೆ ಲೆಕ್ಕದ ಪುಸ್ತಕ ಓದಿ ಹೇಳುವವನು ಒಬ್ಬನೇ. ಅವನು ಹೇಳಿದ್ದೇ ಎಲ್ಲೆ, ಅವನು ಬರೆದದ್ದೇ ಬಾಕಿ. ಬೀಗ ಹಾಕಿದ ಡ್ರೈವರೂ ಹಾಗೆಯೇ. ಕಾರ್ಡಿಗೆ ಹಣ ಕೊಟ್ಟವರು ನೀವು. ಅದರೊಂದಿಗೆ ಮಾತಾಡುವ ಹಕ್ಕು ಕಂಪೆನಿಯದು.

ಚರಿತ್ರೆ ಏನು ಹೇಳುತ್ತದೆ

ಇದು ನಿನ್ನೆ ಮೊನ್ನೆಯ ಜಗಳವಲ್ಲ. ಸುಮಾರು 1980ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಒಂದು ಪ್ರಯೋಗಶಾಲೆಗೆ ಜೆರಾಕ್ಸ್ ಕಂಪೆನಿಯ ಮುದ್ರಣಯಂತ್ರವೊಂದು ಬಂತು. ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬ ಕೆಲಸಗಾರ ಹಿಂದಿನ ಯಂತ್ರದ ತಂತ್ರಾಂಶವನ್ನು ತಾನೇ ತಿದ್ದಿ, ಕಾಗದ ಸಿಕ್ಕಿದೊಡನೆ ಎಲ್ಲರಿಗೂ ಸುದ್ದಿ ಹೋಗುವಂತೆ ಮಾಡಿದ್ದ. ಹೊಸ ಯಂತ್ರಕ್ಕೂ ಹಾಗೆ ಮಾಡಲು ಮೂಲಪಾಠ ಕೇಳಿದಾಗ ಸಿಗಲಿಲ್ಲ. ಗುಟ್ಟು ಬಿಡೆನೆಂದು ಸಹಿ ಹಾಕಿದ್ದೇನೆಂದು ಅದನ್ನು ಇಟ್ಟುಕೊಂಡವನು ಹೇಳಿದ. ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದ್ದರ ಹಿಂದೆ ಈ ಕಹಿಯೂ ಇತ್ತು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ಕರ್ನಲ್ಲು ಇದರೊಂದಿಗೆ ಕೂಡಿತು. ನಾವು ಇಂದು ಬಳಸುವ ಲಿನಕ್ಸ್ ಹೀಗೆ ಹುಟ್ಟಿದ್ದು. ಓದುಗರು ಗಮನಿಸಬೇಕು: ಹಣ ಉಳಿಸುವ ಆಸೆ ಇದರ ಬೇರಲ್ಲಿಲ್ಲ. ಕೈಯಲ್ಲಿರುವ ಯಂತ್ರವನ್ನು ರಿಪೇರಿ ಮಾಡುವ ಹಕ್ಕಿನಿಂದ ಇದು ಹುಟ್ಟಿತು. 'ಪುಕ್ಕಟೆ' ಎಂದು ಮೂಗು ಮುರಿಯುವ ಸಂಗಾತಿ ಈ ಮೊದಲ ಪಾಠವನ್ನೇ ಓದಿಲ್ಲ.

ಗ್ರಾಫಿಕ್ಸ್ ಕಾರ್ಡುಗಳ ಕಥೆ ಇನ್ನೂ ಸ್ಪಷ್ಟ. ಇಂಟೆಲ್ ಕಂಪೆನಿಯ ಡ್ರೈವರು ಬಹುಕಾಲದಿಂದ ತೆರೆದದ್ದು. ಎ.ಎಂ.ಡಿ. ಕಂಪೆನಿ 2006ರಲ್ಲಿ ಎ.ಟಿ.ಐ.ಯನ್ನು ಕೊಂಡು, 2007ರಲ್ಲಿ ತನ್ನ ಕಾರ್ಡುಗಳ ವಿವರಗಳನ್ನು ಬಿಡುಗಡೆ ಮಾಡುವುದಾಗಿಯೂ ತೆರೆದ ಡ್ರೈವರಿಗೆ ನೆರವಾಗುವುದಾಗಿಯೂ ಸಾರಿತು. ಅಂದು 'ಗುಟ್ಟು ಬಿಟ್ಟರೆ ಕಂಪೆನಿ ಮುಳುಗುತ್ತದೆ' ಎಂದವರಿದ್ದರು. ಕಂಪೆನಿ ಮುಳುಗಲಿಲ್ಲ, ಅದರ ಕಾರ್ಡುಗಳು ಇಂದು ಲಿನಕ್ಸಿನಲ್ಲಿ ಕರ್ನಲ್ಲಿನ ಜೊತೆಗೇ ಬರುವ ಡ್ರೈವರಿನಿಂದ ನಡೆಯುತ್ತವೆ.

ಎನ್‌ವಿಡಿಯಾ ಕಂಪೆನಿ ಹಿಡಿದ ದಾರಿ ಬೇರೆ. ಅದು ಲಿನಕ್ಸಿಗೆ ಡ್ರೈವರು ಕೊಟ್ಟಿತು, ಆದರೆ ಮುಚ್ಚಿ ಕೊಟ್ಟಿತು. ಆಗ ಕೆಲವು ಸ್ವಯಂಸೇವಕರು ಕಾರ್ಡಿನ ನಡವಳಿಕೆಯನ್ನು ಹೊರಗಿನಿಂದ ನೋಡಿ ನೋಡಿ, ಅದರ ಭಾಷೆಯನ್ನು ಊಹಿಸಿ, ನೂವೋ ಎಂಬ ತೆರೆದ ಡ್ರೈವರನ್ನು ಕಟ್ಟಿದರು. 2010ರಲ್ಲಿ ಅದು ಕರ್ನಲ್ಲಿನೊಳಗೆ ಸೇರಿತು. ಮೂಕನ ಸನ್ನೆ ನೋಡಿ ನಿಘಂಟು ಬರೆದ ಹಾಗೆ ಅವರು ಮಾಡಿದ ಕೆಲಸ. ಇದಕ್ಕೆ ಕಂಪೆನಿ ಏನು ಮಾಡಿತು? 2014ರಲ್ಲಿ ಬಂದ ಮ್ಯಾಕ್ಸ್‌ವೆಲ್ ಎರಡನೆಯ ಪೀಳಿಗೆಯ ಕಾರ್ಡುಗಳಿಂದ ಮೊದಲುಗೊಂಡು, ಕಾರ್ಡಿನೊಳಗಿನ ತಂತ್ರಾಂಶಕ್ಕೆ ಕಂಪೆನಿಯ ಸಹಿ ಬೇಕೆಂಬ ಕಟ್ಟುಪಾಡು ತಂದಿತು. ಸಹಿಯಿಲ್ಲದ ತಂತ್ರಾಂಶದ ಮಾತಿಗೆ ಕಾರ್ಡು ತನ್ನ ವೇಗ ಏರಿಸುವುದಿಲ್ಲ. ವೇಗ ಏರಿಸಲು ಬೇಕಾದ ಸಹಿಯ ತುಣುಕನ್ನು ಕಂಪೆನಿ ನೂವೋದವರಿಗೆ ಕೊಡಲಿಲ್ಲ. ಫಲವಾಗಿ ಆ ಪೀಳಿಗೆಯ ಕಾರ್ಡುಗಳು ತೆರೆದ ಡ್ರೈವರಿನಲ್ಲಿ, ಮೊದಲ ಗೇರಿನಲ್ಲೇ ಸಿಕ್ಕಿಬಿದ್ದ ಬಸ್ಸಿನಂತೆ ತೆವಳುತ್ತವೆ. 2012ರಲ್ಲೇ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಟೋರ್ವಾಲ್ಡ್ಸ್ ಈ ಕಂಪೆನಿಯ ಕಡೆಗೆ ಬೈಗುಳದ ಬೆರಳು ತೋರಿಸಿದ್ದು ಪ್ರಸಿದ್ಧ ಸಂಗತಿ. ನಾವು ಸಭೆಯಲ್ಲಿ ಹಾಗೆ ಬೆರಳೆತ್ತುವುದನ್ನು ಅನುಮೋದಿಸುವುದಿಲ್ಲ. ಕೋಪದ ಕಾರಣವನ್ನು ಅನುಮೋದಿಸುತ್ತೇವೆ.

ಆಮೇಲೆ ಕಂಪೆನಿ ಬದಲಾಯಿತೆಂದು ವಾದಿಸುವವರಿದ್ದಾರೆ. ನ್ಯಾಯವಾಗಿ ಹೇಳಬೇಕು: ಬದಲಾಗಿದೆ. 2022ರ ಮೇ ತಿಂಗಳಲ್ಲಿ ಡ್ರೈವರಿನ ಕರ್ನಲ್ ಭಾಗದ ಮೂಲಪಾಠವನ್ನು ಅದು ಬಿಡುಗಡೆ ಮಾಡಿತು. ಆದರೆ ಅದು 2018ರ ಟ್ಯೂರಿಂಗ್ ಪೀಳಿಗೆಗೂ ಅದರ ಈಚಿನವಕ್ಕೂ ಮಾತ್ರ; ಮೇಲಿನ ಭಾಗ ಇನ್ನೂ ಮುಚ್ಚಿದೆ; ಒಳಗಿನ ಗುಟ್ಟುಗಳಲ್ಲಿ ಬಹುಪಾಲು ಕಾರ್ಡಿನಲ್ಲೇ ಕೂತ ಸಹಿಯ ಫರ್ಮ್‌ವೇರಿಗೆ ಸ್ಥಳಾಂತರವಾಗಿದೆ. ಹಾಗಾದರೆ 2014ರಿಂದ 2017ರವರೆಗೆ ಬಂದ ಕಾರ್ಡುಗಳ ಗತಿಯೇನು? ತೆರೆದ ಡ್ರೈವರಿನಲ್ಲಿ ಅವಕ್ಕೆ ವೇಗವಿಲ್ಲ. ಕಂಪೆನಿಯ ಡ್ರೈವರಿನಲ್ಲಿ 580 ಎಂಬ ಸರಣಿಯೇ ಅವಕ್ಕೆ ಕೊನೆಯದೆಂದು 2025ರಲ್ಲಿ ಕಂಪೆನಿ ಸಾರಿದೆ. ಅವಕ್ಕಿಂತ ಹಳೆಯ ಫರ್ಮಿ ಕಾರ್ಡುಗಳ 390ನೆಯ ಸರಣಿಗೆ 2022ರಲ್ಲಿ, ಕೆಪ್ಲರ್ ಕಾರ್ಡುಗಳ 470ನೆಯ ಸರಣಿಗೆ 2024ರಲ್ಲಿ ಬಾಗಿಲು ಮುಚ್ಚಿತು. ಕಾರ್ಡು ಕೆಟ್ಟಿಲ್ಲ, ಸುಟ್ಟಿಲ್ಲ. ಆದರೆ ಕರ್ನಲ್ಲು ಮುಂದೆ ಹೋಗುತ್ತದೆ, ದುಭಾಷಿ ಹಿಂದೆ ಉಳಿಯುತ್ತಾನೆ, ಒಂದು ದಿನ ಪರದೆ ಕಪ್ಪಾಗುತ್ತದೆ. ಎತ್ತು ಗಟ್ಟಿಯಾಗಿರುವಾಗಲೇ ಅದಕ್ಕೆ ಲಾಳ ಹೊಡೆಯುವುದಿಲ್ಲವೆಂದು ಕಮ್ಮಾರ ಹೇಳಿದರೆ ರೈತನೇನು ಮಾಡಬೇಕು? ಹೊಸ ಎತ್ತು ಕೊಳ್ಳಬೇಕು. ಇಲ್ಲಿ ಎತ್ತು ಮಾರುವವನೂ ಆ ಕಮ್ಮಾರನೇ!

ಇನ್ನು ವಿಂಡೋಸಿಗೆ ಹೋಗೋಣ ಎಂಬ ಸಂಗಾತಿಗೆ ಒಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ ವಿಂಡೋಸ್ 11 ಟಿ.ಪಿ.ಎಂ. 2.0 ಎಂಬ ಭಾಗವನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಕೇಳುತ್ತದೆ. ನಮ್ಮ ಆರು ಯಂತ್ರಗಳಲ್ಲಿ ಒಂದೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗದು. ಅಂದರೆ ಆ ಬಾಗಿಲಲ್ಲೂ ಅದೇ ಮಾತು: ಹಳೆಯದನ್ನು ಎಸೆ, ಹೊಸದನ್ನು ಕೊಳ್ಳು.

ನಮ್ಮವರ ತಪ್ಪುಗಳು

ಆದರೆ ಎಲ್ಲ ದೋಷವನ್ನೂ ಕಂಪೆನಿಯ ತಲೆಗೆ ಕಟ್ಟುವುದು ಸತ್ಯಕ್ಕೆ ಅಪಚಾರ. ನಮ್ಮ ನಾಲ್ಕು ಯಂತ್ರಗಳ ಲೆಕ್ಕ ಕೊಡುತ್ತೇವೆ, ಕೇಳಿ. ಮಿನುಗುತ್ತಿದ್ದ ಪರದೆಯ ಕಾರಣ ಡ್ರೈವರಲ್ಲ; ಕಸ ಗುಡಿಸುವಾಗ ಸಡಿಲವಾದ ಕೇಬಲ್ಲು. ಅಕ್ಷರ ಊದಿದ ಯಂತ್ರದಲ್ಲಿ ಅಂದು ಬೆಳಿಗ್ಗೆ ಗಾಬರಿಯಿಂದ ನಮ್ಮ ಕಾರ್ಯಕರ್ತನೇ 'ನೋಮೋಡ್‌ಸೆಟ್' ಎಂಬ ಆಜ್ಞೆಯನ್ನು ಕಾಯಂ ಆಗಿ ಬರೆದುಬಿಟ್ಟಿದ್ದ. ಕಪ್ಪಾದ ಎರಡರಲ್ಲಿ ಮಾತ್ರ ತಪ್ಪು ಮುಚ್ಚಿದ ಡ್ರೈವರಿನದು. ಒಂದರಲ್ಲಿ ಹೊಸ ಕರ್ನಲ್ಲಿಗೆ ತಕ್ಕಂತೆ ಅದು ಮತ್ತೆ ಕಟ್ಟಿಕೊಂಡಿರಲಿಲ್ಲ. ಇನ್ನೊಂದರಲ್ಲಿ ಕಾರ್ಡು ಕಂಪೆನಿ ಕೈಬಿಟ್ಟ ಪೀಳಿಗೆಯದು. ಅದನ್ನು ತೆರೆದ ಡ್ರೈವರಿಗೆ ತಿರುಗಿಸಿದೆವು, ಈಗ ನಿಧಾನವಾಗಿಯಾದರೂ ಪಹಣಿ ತೋರಿಸುತ್ತಿದೆ. ನಾಲ್ಕರಲ್ಲಿ ಎರಡು! ಈ ಲೆಕ್ಕವನ್ನು ಮುಚ್ಚಿಟ್ಟು ಭಾಷಣ ಮಾಡಿದ್ದರೆ ನಾವೂ ಮುಚ್ಚಿದ ಡ್ರೈವರಿನಂತೆಯೇ ಆಗುತ್ತಿದ್ದೆವು.

ತೆರೆದ ಡ್ರೈವರುಗಳಲ್ಲಿಯೂ ದೋಷ ಬರುತ್ತದೆ. ಕೆಲವು ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ವಿದ್ಯುತ್ ಉಳಿಸಲು ಪರದೆ ತನ್ನ ಚಿತ್ರವನ್ನು ತಾನೇ ಹಿಡಿದುಕೊಳ್ಳುವ ಏರ್ಪಾಟಿದೆ, ಪಿ.ಎಸ್.ಆರ್. ಎಂದು ಹೆಸರು. ಅದು ಎಡವಿದಾಗ ಪರದೆ ಮಿನುಗುತ್ತದೆ, ಚಿತ್ರ ಹಾಗೆಯೇ ನಿಂತುಬಿಡುತ್ತದೆ. ಎ.ಎಂ.ಡಿ. ಕಾರ್ಡುಗಳಿಗೂ ಮುಚ್ಚಿದ ಫರ್ಮ್‌ವೇರಿನ ತುಣುಕು ಬೇಕೇ ಬೇಕು. ವ್ಯತ್ಯಾಸ ಇಷ್ಟೇ: ತೆರೆದ ಡ್ರೈವರಿನ ದೋಷಕ್ಕೆ ದೂರು ಕೊಡಬಹುದು, ಯಾರು ತಿದ್ದಿದರು, ಯಾವ ಸಾಲು ತಿದ್ದಿದರು ಎಂದು ನೋಡಬಹುದು, ಕಂಪೆನಿ ಕೈಬಿಟ್ಟ ಮೇಲೂ ಬೇರೆಯವರು ಹೊತ್ತು ನಡೆಯಬಹುದು. ಸ್ವತಂತ್ರ ಯಂತ್ರವೂ ಕೆಡುತ್ತದೆ. ಕೆಟ್ಟಾಗ ಅದನ್ನು ಬಿಚ್ಚಿ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಕಂಪೆನಿಯ ಪರವಾಗಿಯೂ ಒಂದು ಸತ್ಯ ಹೇಳಬೇಕು. ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆಯಲ್ಲಿ, ಹಳೆಯ ಎಕ್ಸ್ ವ್ಯವಸ್ಥೆಗೆ ಬರೆದ ತಂತ್ರಾಂಶಗಳನ್ನು ಎನ್‌ವಿಡಿಯಾ ಕಾರ್ಡಿನಲ್ಲಿ ನಡೆಸಿದರೆ ಬಹುಕಾಲ ಪರದೆ ಮಿನುಗುತ್ತಿತ್ತು. ಚಿತ್ರ ಬರೆದು ಮುಗಿಯುವ ಮೊದಲೇ ತೋರಿಸುವವನು ಅದನ್ನು ಎತ್ತಿಕೊಳ್ಳುತ್ತಿದ್ದುದೇ ಕಾರಣ. 'ಬರೆದಾಯಿತು' ಎಂದು ಸ್ಪಷ್ಟವಾಗಿ ಸಂಜ್ಞೆ ಕೊಡುವ ಪದ್ಧತಿ ಬೇಕೆಂದು ಕಂಪೆನಿಯ ಇಂಜಿನಿಯರುಗಳು ವಾದಿಸಿದರು. ಆ ವಾದ ಸರಿಯಾಗಿಯೇ ಇತ್ತು. 2024ರಲ್ಲಿ ಎಲ್ಲರೂ ಬಹಿರಂಗವಾಗಿ ಚರ್ಚಿಸಿ ಆ ಪದ್ಧತಿಯನ್ನು ವೇಲ್ಯಾಂಡಿಗೆ ಸೇರಿಸಿದರು. ಕಂಪೆನಿಯ 555ನೆಯ ಸರಣಿಯ ಡ್ರೈವರು ಅದನ್ನು ಅನುಸರಿಸಿತು. ಆ ಮಿನುಗು ಬಹುಮಟ್ಟಿಗೆ ನಿಂತಿತು. ಇದು ನಮ್ಮ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ವರ್ಷಗಟ್ಟಲೆ ಬಗೆಹರಿಯದ ರೋಗ, ಎಲ್ಲರೂ ಒಂದೇ ಮೇಜಿನ ಸುತ್ತ ಲೆಕ್ಕದ ಪುಸ್ತಕ ಬಿಚ್ಚಿ ಕುಳಿತಾಗ ಬಗೆಹರಿಯಿತು.

ಇನ್ನೊಂದು ತಪ್ಪು ಲಿನಕ್ಸ್ ಬಲ್ಲ ನಮ್ಮವರದೇ. ಹಳ್ಳಿಯ ಹುಡುಗನೊಬ್ಬ 'ಪರದೆ ಕಪ್ಪಾಗಿದೆ' ಎಂದು ಕೇಳಿದರೆ, 'ಪುಸ್ತಕ ಓದಿಕೋ' ಎಂದು ಗದರುವ ಪಂಡಿತರು ಇದ್ದಾರೆ. ಪುಸ್ತಕ ಇರುವುದು ಇಂಗ್ಲಿಷಿನಲ್ಲಿ, ಅದು ಕಾಣಬೇಕಾದ ಪರದೆಯೇ ಕಪ್ಪು! ಇವರು ಬೀಗವನ್ನು ವಿರೋಧಿಸುತ್ತಾ ತಾವೇ ಹೊಸ ಬೀಗವಾಗಿದ್ದಾರೆ. ಗಾಯತ್ರಿಯನ್ನು ಕಿವಿಯಲ್ಲಿ ಉಸುರುವ ಹಾಗೆ ಜ್ಞಾನವನ್ನು ಉಸುರುವವರಿಂದ ಜನರ ಚಳವಳಿ ಕಟ್ಟಲಾಗದು.

ಮೊದಲು ಏನು ಮಾಡಬೇಕು

ಆದುದರಿಂದ ಪಂಡಿತರು ಹೇಳದ್ದನ್ನು ನಾವು ಇಲ್ಲಿ ಕನ್ನಡದಲ್ಲಿ ಹೇಳುತ್ತೇವೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ್ದೇವೆ. ಒತ್ತುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಒತ್ತಬೇಕು.

ಒಂದು: ಗಾಬರಿ ಬೇಡ. ಕೇಬಲ್ಲು ಬಿಚ್ಚಿ ಮತ್ತೆ ಗಟ್ಟಿಯಾಗಿ ಸಿಕ್ಕಿಸಿ. ಬೇರೆ ಮಾನಿಟರು ಇದ್ದರೆ ಹಾಕಿ ನೋಡಿ. ಯಂತ್ರ ಹೊತ್ತಿಸಿದೊಡನೆ, ಲಿನಕ್ಸ್ ಬರುವ ಮೊದಲೇ ಕಾಣುವ ಪರದೆಯಲ್ಲೂ ಗೀಟುಗಳಿದ್ದರೆ ಅದು ಲಿನಕ್ಸಿನ ತಪ್ಪಲ್ಲ. ಕಾರ್ಡು, ಕೇಬಲ್ಲು ಅಥವಾ ಮಾನಿಟರಿನದು.

ಎರಡು: ಗೀಟು, ಕಲೆ ಕಾಣುವಾಗ ಪರದೆಯ ಚಿತ್ರ ತೆಗೆದು (ಪ್ರಿಂಟ್ ಸ್ಕ್ರೀನ್ ಗುಂಡಿ) ಬೇರೆ ಯಂತ್ರದಲ್ಲಿ ತೆರೆದು ನೋಡಿ. ಆ ಚಿತ್ರದಲ್ಲೂ ಕಲೆಯಿದ್ದರೆ ಚಿತ್ರ ಬರೆಯುವ ಹಂತದಲ್ಲೇ ತಪ್ಪಾಗಿದೆ. ಚಿತ್ರ ಶುದ್ಧವಾಗಿದ್ದರೆ ತಪ್ಪು ಬರೆದಾದ ಮೇಲಿನದು: ಕೇಬಲ್ಲು, ಮಾನಿಟರು, ಇಲ್ಲವೇ ಡ್ರೈವರಿನ ಚಿತ್ರ ಸಾಗಿಸುವ ಭಾಗ.

ಮೂರು: ಪರದೆ ಕಪ್ಪಾಗಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಬರಿಯ ಅಕ್ಷರದ ಪರದೆ ಬಂದರೆ ಯಂತ್ರ ಬದುಕಿದೆ, ಚಿತ್ರದ ಭಾಗ ಮಾತ್ರ ಸೋತಿದೆ ಎಂದರ್ಥ.

ನಾಲ್ಕು: ಅಪ್‌ಡೇಟಿನ ಮೇಲೆ ಕೆಟ್ಟಿದ್ದರೆ, ಯಂತ್ರ ಏಳುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ ಗ್ರಬ್ ಪಟ್ಟಿ ತನ್ನಿ. ಉಬುಂಟುವಿನಂಥವುಗಳಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹಿಂದಿನ ಕರ್ನಲ್ಲು ಇನ್ನೂ ಇರುತ್ತದೆ. ಅದನ್ನು ಆರಿಸಿ. ಅದರಲ್ಲಿ ಪರದೆ ಸರಿಯಾಗಿ ಬಂದರೆ ಅರ್ಧ ರೋಗ ತಿಳಿದಂತೆ. ಅಂದಿನ ಕೆಲಸವೂ ನಿಲ್ಲದು. ಅಂದು ಬೆಳಿಗ್ಗೆ ಈ ಒಂದು ಸಂಗತಿ ನಮಗೆ ತಿಳಿದಿದ್ದರೆ ಎಷ್ಟೋ ಮಕ್ಕಳು ಬರಿಗೈಯಲ್ಲಿ ಹಿಂದಿರುಗುತ್ತಿರಲಿಲ್ಲ.

ಐದು: ಅದೂ ಆಗದಿದ್ದರೆ ಗ್ರಬ್ಬಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಆರಂಭವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಎಂದು ಸೇರಿಸಿ, ಎಫ್10 ಒತ್ತಿ. ಡ್ರೈವರನ್ನು ಬದಿಗಿಟ್ಟು ಯಂತ್ರ ಏಳುತ್ತದೆ. ಇದು ಊರುಗೋಲು, ಕಾಲಲ್ಲ. ಒಂದು ಸಲದ ಬಳಕೆಗೆ ಮಾತ್ರ. ಕಾಯಂ ಮಾಡಿದರೆ ನಮ್ಮ ಯಂತ್ರದಂತೆ ಅಕ್ಷರ ಊದಿ, ಗುಂಡಿ ಮರೆಯಾಗಿ, ವೇಗ ಸತ್ತುಹೋಗುತ್ತದೆ.

ಆರು: ಯಂತ್ರ ಎದ್ದ ಮೇಲೆ 'ಎಲ್‌ಎಸ್‌ಪಿಸಿಐ -ಕೆ' ಎಂದು ಕೇಳಿ. ಕಾರ್ಡಿನ ಹೆಸರಿನ ಕೆಳಗೆ ಯಾವ ಡ್ರೈವರು ಕೆಲಸ ಮಾಡುತ್ತಿದೆ ಎಂಬ ಸಾಲು ಬರುತ್ತದೆ. ಸಾಲೇ ಇಲ್ಲದಿದ್ದರೆ ದುಭಾಷಿ ಬಂದೇ ಇಲ್ಲ. 'ಜರ್ನಲ್‌ಸಿಟಿಎಲ್ -ಬಿ -1 -ಕೆ' ಎಂದರೆ ಹಿಂದಿನ ಸಲ ಯಂತ್ರ ಎದ್ದಾಗ ಕರ್ನಲ್ಲು ಬರೆದಿಟ್ಟ ದಿನಚರಿ ತೆರೆಯುತ್ತದೆ. ಅದರಲ್ಲಿ ಡ್ರೈವರಿನ ಹೆಸರಿರುವ ಸಾಲುಗಳನ್ನು ನಕಲು ಮಾಡಿಟ್ಟುಕೊಳ್ಳಿ. ಬಲ್ಲವರ ಬಳಿ ಹೋಗುವಾಗ ಅದೇ ರೋಗಿಯ ಚೀಟಿ.

ಏಳು: ಮುಚ್ಚಿದ ಡ್ರೈವರು ಹಾಕಿದ್ದರೆ ಎರಡು ಸಾಮಾನ್ಯ ಕಾರಣಗಳಿವೆ. ಹೊಸ ಕರ್ನಲ್ಲಿನ 'ಹೆಡರ್' ಕಡತಗಳಿಲ್ಲದೆ ಡ್ರೈವರು ಮತ್ತೆ ಕಟ್ಟಿಕೊಂಡಿರುವುದಿಲ್ಲ. ಅವನ್ನು ಹಾಕಿ ಡ್ರೈವರನ್ನು ಮತ್ತೆ ಕಟ್ಟಿಸಬೇಕು. ಅಥವಾ 'ಸೆಕ್ಯೂರ್ ಬೂಟ್' ಎಂಬ ಕಾವಲು ಸಹಿಯಿಲ್ಲದ ಡ್ರೈವರನ್ನು ಬಾಗಿಲಲ್ಲೇ ತಡೆದಿರುತ್ತದೆ. ಆಗ ಯಂತ್ರದ ಮಾಲೀಕನ ಕೀಲಿಯನ್ನು ನೋಂದಾಯಿಸಬೇಕು. ಡ್ರೈವರನ್ನು ಕಂಪೆನಿಯ ತಾಣದಿಂದ ನೇರ ತಂದು ಹಾಕಬೇಡಿ. ನಿಮ್ಮ ಲಿನಕ್ಸಿನವರೇ ಕೊಡುವ ಕಟ್ಟನ್ನೇ ಹಾಕಿ. ನೇರ ತಂದದ್ದು ಮುಂದಿನ ಅಪ್‌ಡೇಟಿನಲ್ಲಿ ಮತ್ತೆ ಮುರಿಯುವ ಸಂಭವ ಹೆಚ್ಚು.

ಎಂಟು: ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಮಿನುಗು ಬಂದರೆ, ಐದನೆಯದರಲ್ಲಿ ಹೇಳಿದಂತೆಯೇ ಒಂದು ಸಲಕ್ಕೆ 'ಐ915.ಎನೇಬಲ್_ಪಿಎಸ್‌ಆರ್=0' ಎಂದು ಸೇರಿಸಿ ನೋಡಿ. ನಿಂತರೆ ಕಾರಣ ಸಿಕ್ಕಿತು. ಪರದೆ ಹರಿಯುತ್ತಿದ್ದರೆ, ಒಳಬರುವ ಪರದೆಯ ಮೂಲೆಯ ಚಕ್ರದ ಗುರುತನ್ನು ಒತ್ತಿ, ಎಕ್ಸ್ ಇದ್ದರೆ ವೇಲ್ಯಾಂಡಿಗೆ, ವೇಲ್ಯಾಂಡ್ ಇದ್ದರೆ ಎಕ್ಸಿಗೆ ಬದಲಾಯಿಸಿ ನೋಡಿ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಒಂದು ನೋಟುಪುಸ್ತಕದಲ್ಲಿ ತಾರೀಖು ಸಹಿತ ಬರೆಯಿರಿ. ನಮ್ಮ ಕಾರ್ಯಕರ್ತ ಬರೆದಿಟ್ಟಿದ್ದರೆ ನಾವು ಅರ್ಧ ದಿನ ಕಳೆದುಕೊಳ್ಳುತ್ತಿರಲಿಲ್ಲ.

ಬೇಡಿಕೆ ಏನು

ರಿಪೇರಿ ಕಲಿಯುವುದು ಅರ್ಧ ಕೆಲಸ. ಇನ್ನರ್ಧ ಕೊಳ್ಳುವಾಗಿನದು. ಭಾರತ ಸರ್ಕಾರ 2015ರಲ್ಲಿ ಸರ್ಕಾರಿ ಕೆಲಸಕ್ಕೆ ತೆರೆದ ಮೂಲದ ತಂತ್ರಾಂಶಕ್ಕೇ ಆದ್ಯತೆ ಕೊಡಬೇಕೆಂಬ ನೀತಿಯನ್ನು ಪ್ರಕಟಿಸಿದೆ. ನೀತಿ ಕಾಗದದ ಮೇಲಿದ್ದರೆ ಸಾಲದು. ಪಕ್ಕದ ಕೇರಳದಲ್ಲಿ 2001ರಲ್ಲಿ ಆರಂಭವಾದ 'ಐಟಿ ಅಟ್ ಸ್ಕೂಲ್' ಯೋಜನೆ ಮುಂದೆ ಸ್ವತಂತ್ರ ತಂತ್ರಾಂಶವನ್ನೇ ಶಾಲೆಗಳಿಗೆ ಒಯ್ದಿತು. 2017ರಲ್ಲಿ ಅದು 'ಕೈಟ್' ಎಂಬ ಸರ್ಕಾರಿ ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳ ಮಕ್ಕಳು ಲಿನಕ್ಸಿನಲ್ಲೇ ಪಾಠ ಕಲಿಯುತ್ತಾರೆ, ಮೇಷ್ಟ್ರುಗಳಿಗೇ ತರಬೇತಿ ಕೊಟ್ಟು ನಿಲ್ಲಿಸಿದ್ದಾರೆ. ಮಲೆಯಾಳಿ ಮಕ್ಕಳಿಗೆ ಆಗುವುದು ಕನ್ನಡದ ಮಕ್ಕಳಿಗೆ ಏಕಾಗದು? ಅವರ ಮೇಷ್ಟ್ರುಗಳಿಗೆ ಬರುವುದು ನಮ್ಮ ಮೇಷ್ಟ್ರುಗಳಿಗೆ ಏಕೆ ಬಾರದು?

ಆದುದರಿಂದ ಶಾಲಾಭಿವೃದ್ಧಿ ಸಮಿತಿಗಳಲ್ಲಿ, ಪಂಚಾಯತಿಗಳಲ್ಲಿ, ಸಹಕಾರ ಸಂಘಗಳಲ್ಲಿ ಕುಳಿತಿರುವ ನಮ್ಮ ಸಂಗಾತಿಗಳು ಕಂಪ್ಯೂಟರು ಕೊಳ್ಳುವ ಟೆಂಡರಿನಲ್ಲಿ ಮೂರು ಷರತ್ತು ಬರೆಸಬೇಕು. ಮೊದಲನೆಯದು, ಯಂತ್ರದ ಗ್ರಾಫಿಕ್ಸಿನ ಡ್ರೈವರು ಲಿನಕ್ಸ್ ಕರ್ನಲ್ಲಿನ ಜೊತೆಗೇ ಬರುವಂಥದ್ದಾಗಿರಬೇಕು. ಎರಡನೆಯದು, ಹಣ ಕೊಡುವ ಮುನ್ನ ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ಪರದೆ, ಧ್ವನಿ, ಜಾಲ ಮೂರನ್ನೂ ಎಲ್ಲರೆದುರು ಪರೀಕ್ಷಿಸಬೇಕು. ಮೂರನೆಯದು, ಊರಿನ ಇಬ್ಬರಿಗಾದರೂ, ಅವರಲ್ಲೊಬ್ಬರು ಹೆಣ್ಣುಮಕ್ಕಳು, ಮೇಲಿನ ಎಂಟು ಹೆಜ್ಜೆಗಳನ್ನು ಕಲಿಸಿಕೊಡಬೇಕು. ಗುತ್ತಿಗೆದಾರ ಇದಕ್ಕೆ ಒಪ್ಪದಿದ್ದರೆ ಅವನ ಸರಕು ಬೇಡ.

1951ರಲ್ಲಿ ಕಾಗೋಡಿನ ಗೇಣಿದಾರರು ಎತ್ತಿದ ಪ್ರಶ್ನೆಗಳಲ್ಲಿ ಒಂದು ಗೇಣಿ ಅಳೆಯುವ ಕೊಳಗದ ಪ್ರಶ್ನೆ. ಭತ್ತ ಬೆಳೆದವನು ಅಳತೆಯನ್ನು ಪರೀಕ್ಷಿಸುವ ಹಕ್ಕು ಕೇಳಿದ. ಅಂದೂ 'ಇದು ಸಣ್ಣ ವಿಷಯ, ಕೊಳಗದ ವಿಷಯ' ಎಂದವರಿದ್ದರು. ಇಂದು ಪಹಣಿ, ಪಡಿತರ, ವಿದ್ಯಾರ್ಥಿವೇತನ, ಪಿಂಚಣಿ ಎಲ್ಲವೂ ಪರದೆಯ ಮೂಲಕವೇ ಬಡವನ ಕೈಗೆ ಬರುತ್ತಿರುವಾಗ, ಆ ಪರದೆಯನ್ನು ಬೆಳಗಿಸುವ ಡ್ರೈವರು ಸಣ್ಣ ವಿಷಯವಾಗುವುದು ಹೇಗೆ?

ಸಮಿತಿಯ ಸೂಚನೆ ಮುಂದಿನ ಸಭೆಗೆ ಹೋಗಿದೆ. ಆ ಸಭೆಯ ಹೊತ್ತಿಗೆ ಆರೂ ಯಂತ್ರಗಳು ಬೆಳಗುತ್ತಿರುತ್ತವೆ. ಬಂದು ನೋಡಿರೆಂದು ಸೂಚನೆ ತಂದ ಸಂಗಾತಿಯನ್ನು ಆದರದಿಂದ ಆಹ್ವಾನಿಸುತ್ತೇವೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ವಾಚನಾಲಯದಲ್ಲಿ ರಿಪೇರಿಯ ಪಾಠ ನಡೆಯುತ್ತದೆ. ಕೆಟ್ಟ ಯಂತ್ರವಿದ್ದವರು ಯಂತ್ರದೊಡನೆ ಬರಲಿ, ಇಲ್ಲದವರು ಬರಿಗೈಯಲ್ಲಿ ಬರಲಿ. ಇಂಗ್ಲಿಷು ಬರಬೇಕೆಂಬ ನಿಬಂಧನೆಯಿಲ್ಲ. ನೋಟುಪುಸ್ತಕವೊಂದನ್ನು ತಂದರೆ ಸಾಕು.